ರಾಕ್ ಸಂಗೀತಗಾರರ ಜೀವನಚರಿತ್ರೆಗಳನ್ನು ನಾನು ತೂಗಿನೋಡುವ ಬಗೆ

ರಾಕ್ ಸಂಗೀತಗಾರರ ಜೀವನಚರಿತ್ರೆಯೊಂದು ಕೈಗೆ ಬಂದಾಗ ನಾನು ಮೊದಲ ಅಧ್ಯಾಯದಿಂದ ಓದತೊಡಗುವುದಿಲ್ಲ. ಕೊನೆಯ ಪುಟಗಳಲ್ಲಿರುವ ಟಿಪ್ಪಣಿಗಳನ್ನೂ ಆಕರಗಳ ವಿವರವನ್ನೂ ಮೊದಲು ನೋಡುತ್ತೇನೆ. ಲೇಖಕರು ಯಾರನ್ನು ಸ್ವತಃ ಕಂಡು ಮಾತಾಡಿಸಿದರು, ಯಾವ ಮಾತನ್ನು ಹಳೆಯ ಪತ್ರಿಕೆಗಳಿಂದ ಎತ್ತಿಕೊಂಡರು ಎಂಬುದು ಅಲ್ಲಿ ತಿಳಿಯುತ್ತದೆ. ಕನ್ನಡ ಪತ್ರಿಕೆಯೊಂದಕ್ಕೆ ಪಾಶ್ಚಾತ್ಯ ಸಂಗೀತದ ಪುಸ್ತಕಗಳ ವಿಮರ್ಶೆ ಬರೆಯುತ್ತ ಬಂದ ವರ್ಷಗಳಲ್ಲಿ ನನಗೆ ಈ ಕ್ರಮ ರೂಢಿಯಾಯಿತು. ಒಂದು ಮಾತನ್ನು ಯಾರು ಹೇಳಿದರು, ಘಟನೆ ನಡೆದು ಎಷ್ಟು ಕಾಲದ ಮೇಲೆ ಹೇಳಿದರು, ಹಾಗೆ ಹೇಳುವುದರಿಂದ ಅವರಿಗೇನು ಅನುಕೂಲವಿತ್ತು ಎಂಬುದನ್ನು ಓದುಗರಿಗೆ ತಿಳಿಸದ ಪುಸ್ತಕವನ್ನು, ಅದರ ಶೈಲಿ ಎಷ್ಟೇ ಸೊಗಸಾಗಿದ್ದರೂ, ನಾನು ನಂಬುವುದಿಲ್ಲ.

ಇದಾದ ಮೇಲೆ ಒಂದೇ ಘಟನೆಯನ್ನು ಆರಿಸಿಕೊಂಡು, ಅದೇ ವ್ಯಕ್ತಿಯ ಕುರಿತ ಬೇರೆ ಬೇರೆ ಪುಸ್ತಕಗಳಲ್ಲಿ ಅದು ಹೇಗೆ ಬಂದಿದೆ ಎಂದು ಹೋಲಿಸಿ ನೋಡುತ್ತೇನೆ. ಇಂಗ್ಲೆಂಡಿನ ಬೀಟಲ್ಸ್ ತಂಡದ ಜಾನ್ ಲೆನನ್ ಅವರ ವಿಷಯದಲ್ಲಿ ನಾನು ಆರಿಸಿಕೊಳ್ಳುವುದು ಅಲ್ಲಿನ ಕಡಲತೀರದ ಊರು ಬ್ಲ್ಯಾಕ್‌ಪೂಲ್‌ನಲ್ಲಿ 1946ರಲ್ಲಿ ನಡೆದ ಪ್ರಸಂಗವನ್ನು. ಬೇರೆಯಾಗಲಿದ್ದ ತಂದೆ ತಾಯಿ ಐದು ವರ್ಷದ ಬಾಲಕನನ್ನು ಎದುರಿಗೆ ನಿಲ್ಲಿಸಿಕೊಂಡು ಯಾರ ಜೊತೆ ಇರುತ್ತೀಯೆಂದು ಕೇಳಿದರು, ಅವನು ಮೊದಲು ತಂದೆಯನ್ನು ಆರಿಸಿ, ತಾಯಿ ಹೊರಟು ಹೋಗುವಾಗ ಅಳುತ್ತ ಅವಳ ಹಿಂದೆ ಓಡಿದ ಎಂಬುದು ಬಹುಕಾಲ ಪ್ರಚಲಿತವಾಗಿದ್ದ ಕಥೆ. ಇದರ ಮೂಲ ತಂದೆ ಆಲ್ಫ್ರೆಡ್ ಲೆನನ್ ಅವರ ಹೇಳಿಕೆ. ಮಗ ಜಗತ್ಪ್ರಸಿದ್ಧನಾದ ಮೇಲೆ, ಅವನನ್ನು ಬಿಟ್ಟುಹೋದ ತಂದೆಯೆಂಬ ಅಪವಾದವನ್ನು ಹೊತ್ತ ಮನುಷ್ಯ ಆಡಿದ ಮಾತು ಅದು. ಆದರೂ ಎಷ್ಟೋ ಲೇಖಕರು ಅದನ್ನು ಪ್ರಶ್ನಿಸದೆ ಒಪ್ಪಿಕೊಂಡು, 1970ರ 'ಮದರ್' ಹಾಡಿನವರೆಗೆ ಲೆನನ್ ಅವರ ನೋವಿಗೆಲ್ಲ ಆ ಒಂದು ದಿನವನ್ನೇ ಕಾರಣವಾಗಿಸಿದರು.

ಮಾರ್ಕ್ ಲೂಯಿಸನ್ 2013ರಲ್ಲಿ ಹೊರತಂದ ಬೀಟಲ್ಸ್ ಚರಿತ್ರೆ 'ಟ್ಯೂನ್ ಇನ್' ಇಲ್ಲಿ ಬೇರೆ ದಾರಿ ಹಿಡಿಯಿತು. ಆ ಪ್ರಸಂಗ ನಡೆದ ಮನೆಯವರ ಮಗನೂ ಅಂದು ಅಲ್ಲಿಯೇ ಇದ್ದವರೂ ಆದ ಬಿಲ್ಲಿ ಹಾಲ್ ಅವರ ಮಾತನ್ನು ಲೂಯಿಸನ್ ಮುಂದಿಟ್ಟರು. ಅವರ ಪ್ರಕಾರ ಮಗುವನ್ನು ಹಾಗೆ ಆಯ್ಕೆಗೆ ಒಡ್ಡಲೇ ಇಲ್ಲ. ತಾಯಿ ಕರೆದುಕೊಂಡು ಹೋಗುವುದೆಂದು ಇಬ್ಬರೂ ಒಪ್ಪಿಕೊಂಡಿದ್ದರು. ಹಾಲ್ ಅವರದೂ ದಶಕಗಳ ನಂತರದ ನೆನಪೇ ಹೌದಾದ್ದರಿಂದ ಅದನ್ನು ಕೊನೆಯ ಮಾತೆಂದು ನಾನು ಹಿಡಿಯುವುದಿಲ್ಲ. ಆದರೆ ಅವರಿಗೆ ಅದರಿಂದ ಕಳೆದುಕೊಳ್ಳುವುದೂ ಗಳಿಸುವುದೂ ಇರಲಿಲ್ಲವೆಂಬುದು ನನ್ನ ತಕ್ಕಡಿಯಲ್ಲಿ ತೂಕವುಳ್ಳ ಸಂಗತಿ. ಸಾವಿರಕ್ಕೂ ಹೆಚ್ಚು ಪುಟಗಳ ವಿಸ್ತೃತ ಆವೃತ್ತಿಯಿದ್ದರೂ 1962ರ ಕೊನೆಗೇ, ಅಂದರೆ ಬೀಟಲ್ಸ್ ತಂಡ ಪ್ರಸಿದ್ಧಿಗೆ ಬರುವ ಮುಂಚೆಯೇ, ನಿಂತುಬಿಡುವ ಈ ಪುಸ್ತಕ ಅತಿಯಾಯಿತೆಂದು ದೂರುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಇಂಥ ಒಂದೊಂದು ಕಥೆಯನ್ನೂ ಬೇರಿನವರೆಗೆ ಅಗೆದು ನೋಡುವುದಕ್ಕೆ ಅಷ್ಟು ಪುಟಗಳು ಬೇಕಾಗುತ್ತವೆ.

'ಅಧಿಕೃತ' ಎಂದು ಮುಖಪುಟದಲ್ಲಿ ಅಚ್ಚಾಗಿದ್ದರೆ ಅದು ಸತ್ಯಕ್ಕೆ ಮುದ್ರೆಯೊತ್ತಿದಂತಲ್ಲ. ಹಂಟರ್ ಡೇವಿಸ್ 1968ರಲ್ಲಿ ಬರೆದ ಬೀಟಲ್ಸ್ ಚರಿತ್ರೆಗೆ ನಾಲ್ವರ ಸಹಕಾರವೂ ದೊರೆತಿತ್ತು. ಅವರು ಹಾಡು ಕಟ್ಟುತ್ತಿದ್ದಾಗ ಪಕ್ಕದಲ್ಲೇ ಕುಳಿತು ಕಂಡದ್ದನ್ನು ಡೇವಿಸ್ ದಾಖಲಿಸಿದ್ದಾರೆ, ಆ ಪುಟಗಳು ಇಂದಿಗೂ ಅಮೂಲ್ಯ. ಆದರೆ ಲೆನನ್ ಅವರನ್ನು ಸಾಕಿದ ದೊಡ್ಡಮ್ಮ ಮಿಮಿ ಅವರ ಆಕ್ಷೇಪಕ್ಕೆ ಮಣಿದು ಬಾಲ್ಯದ ಭಾಗವನ್ನು ಮೃದುಗೊಳಿಸಬೇಕಾಯಿತೆಂದು ಡೇವಿಸ್ ಅವರೇ ಮುಂದೆ ತಿಳಿಸಿದರು. ಆದ್ದರಿಂದ ಆ ಪುಸ್ತಕದಲ್ಲಿ ಲೇಖಕರು ಕಣ್ಣಾರೆ ಕಂಡ ಭಾಗಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಮನೆಯವರ ಒಪ್ಪಿಗೆ ಪಡೆದು ಬಂದ ಭಾಗಗಳಿಗೆ ಕಡಿಮೆ. ಒಂದೇ ಪುಸ್ತಕಕ್ಕೆ ಎರಡು ಬಗೆಯ ತೀರ್ಪು ಕೊಡುವುದರಲ್ಲಿ ತಪ್ಪೇನೂ ಇಲ್ಲ.

ದ್ವೇಷದಿಂದ ಬರೆದ ಪುಸ್ತಕ ಹೆಚ್ಚು ನಿರ್ಭೀತವೆಂದು ಕೆಲವರು ತಿಳಿಯುತ್ತಾರೆ. ಆಲ್ಬರ್ಟ್ ಗೋಲ್ಡ್‌ಮನ್ 1981ರಲ್ಲಿ ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿ ಅವರ ಬಗ್ಗೆ, 1988ರಲ್ಲಿ ಲೆನನ್ ಅವರ ಬಗ್ಗೆ ಬರೆದ ದಪ್ಪ ಪುಸ್ತಕಗಳಲ್ಲಿ ಶ್ರಮಕ್ಕೆ ಕೊರತೆಯಿಲ್ಲ. ಆದರೆ ಎಲ್ವಿಸ್ ಹುಟ್ಟಿ ಬೆಳೆದ ಅಮೆರಿಕದ ದಕ್ಷಿಣ ಪ್ರಾಂತ್ಯದ ಬಡ ಬಿಳಿಯರ ಬದುಕಿನ ಮೇಲೆಯೇ ಲೇಖಕರಿಗೆ ತಿರಸ್ಕಾರವಿರುವುದರಿಂದ, ಆ ನೆಲದಿಂದ ಅಂಥ ದನಿ ಹೇಗೆ ಹೊಮ್ಮಿತು ಎಂಬುದನ್ನು ಅವರು ವಿವರಿಸಲಾರದೆ ಹೋಗುತ್ತಾರೆ. ಪೀಟರ್ ಗುರಾಲ್ನಿಕ್ 1994 ಮತ್ತು 1999ರಲ್ಲಿ ಬರೆದ ಎರಡು ಸಂಪುಟಗಳೂ ಎಲ್ವಿಸ್ ಅವರ ಪತನವನ್ನಾಗಲಿ ಮಾದಕ ಗುಳಿಗೆಗಳನ್ನಾಗಲಿ ಮುಚ್ಚಿಡುವುದಿಲ್ಲ. ಆದರೂ ಓದಿ ಮುಗಿಸಿದ ಮೇಲೆ ಹಾಡುಗಳನ್ನು ಮತ್ತೆ ಕೇಳಬೇಕೆನಿಸುತ್ತದೆ. ಗೋಲ್ಡ್‌ಮನ್ ಅವರನ್ನು ಓದಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಯಾರೂ ಕಾಣದೇ ಇದ್ದುದನ್ನು ಕಂಡಂತೆ ಬರೆದಿರುವ ಕಡೆ ನಾನು ಪೆನ್ಸಿಲ್ ಗುರುತು ಹಾಕುತ್ತೇನೆ. ಅಮೆರಿಕದ ನಿರ್ವಾಣ ತಂಡದ ಗಾಯಕ ಕರ್ಟ್ ಕೊಬೇನ್ ಅವರ ಬಗ್ಗೆ ಚಾರ್ಲ್ಸ್ ಕ್ರಾಸ್ 2001ರಲ್ಲಿ ಪ್ರಕಟಿಸಿದ ಪುಸ್ತಕ ಬಹುಮಟ್ಟಿಗೆ ಶ್ರದ್ಧೆಯ ಕೆಲಸ: ತನ್ನ ಹುಟ್ಟೂರಾದ ಆಬರ್ಡೀನಿನ ಸೇತುವೆಯ ಕೆಳಗೆ ತಾನು ವಾಸವಾಗಿದ್ದೆನೆಂದು ಕೊಬೇನ್ ಹೇಳಿಕೊಂಡದ್ದನ್ನು ಅದು ಪರಿಶೀಲಿಸಿ ತಳ್ಳಿಹಾಕುತ್ತದೆ. ಕಲಾವಿದರು ತಮ್ಮ ಬಗ್ಗೆ ತಾವೇ ಕಟ್ಟಿದ ಕಥೆಯನ್ನು ಹೀಗೆ ಒರೆಗೆ ಹಚ್ಚುವುದು ದೊಡ್ಡ ಗುಣ. ಅದೇ ಲೇಖಕರು 1994ರ ಏಪ್ರಿಲಿನಲ್ಲಿ ಕೊಬೇನ್ ಒಂಟಿಯಾಗಿ ಕಳೆದ ಕೊನೆಯ ಗಂಟೆಗಳನ್ನು ಕಾದಂಬರಿಕಾರರಂತೆ ಚಿತ್ರಿಸಿರುವುದು ನನಗೆ ಒಪ್ಪಿಗೆಯಾಗದ ಭಾಗ. ಅಲ್ಲಿ ಸಾಕ್ಷಿಯಾಗಿ ಯಾರೂ ಇರಲಿಲ್ಲ. ಸತ್ತವರ ಮನಸ್ಸಿನೊಳಗೆ ಪ್ರವೇಶಿಸುವ ಹಕ್ಕು ಚರಿತ್ರಕಾರರಿಗೆ ಇಲ್ಲವೆಂದೇ ನನ್ನ ನಿಲುವು. ಮೈಕೆಲ್ ಅಜೆರಾಡ್ ತಮ್ಮ 1993ರ ಕೊಬೇನ್ ಪುಸ್ತಕಕ್ಕೆ ಮೂವತ್ತು ವರ್ಷಗಳ ಬಳಿಕ ಹೊಸ ಟಿಪ್ಪಣಿಗಳನ್ನು ಸೇರಿಸಿ, ಅಂದು ತಾವು ನಂಬಿದ್ದನ್ನು ಪ್ರಶ್ನಿಸಿಕೊಂಡರು. ಇಂಥ ಧೈರ್ಯವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಕಲಾವಿದರು ಮೌನವಾಗಿದ್ದ ಕಾಲವನ್ನು ಲೇಖಕರು ಹೇಗೆ ದಾಟುತ್ತಾರೆ ಎಂಬುದನ್ನೂ ಗಮನಿಸುತ್ತೇನೆ. ಜಾಂಜಿಬಾರ್‌ನಲ್ಲಿ ಪಾರ್ಸಿ ಮನೆಯಲ್ಲಿ ಫರೂಖ್ ಬಲ್ಸಾರಾ ಆಗಿ ಹುಟ್ಟಿದ, ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಓದಿ, ಅಲ್ಲಿಯೇ 'ದ ಹೆಕ್ಟಿಕ್ಸ್' ಎಂಬ ಶಾಲಾ ತಂಡದಲ್ಲಿ ಪಿಯಾನೊ ನುಡಿಸಿದವರು. ಆ ದಿನಗಳ ಬಗ್ಗೆ ಅವರು ಮಾತಾಡಿದ್ದು ಬಹಳ ಕಡಿಮೆ. ಹಾಗೆಂದು ಅದನ್ನು ನಾಲ್ಕು ಪುಟಗಳಲ್ಲಿ ಮುಗಿಸಿ ನೇರವಾಗಿ ಲಂಡನ್ನಿಗೆ ಹಾರುವ ಪುಸ್ತಕವನ್ನು ಪೂರ್ಣ ಚರಿತ್ರೆಯೆಂದು ಒಪ್ಪಲು ನನಗೆ ಕಷ್ಟ.

ಇಷ್ಟೆಲ್ಲ ಸರಿಯಾಗಿದ್ದೂ ಸಂಗೀತವೇ ಇಲ್ಲದ ಪುಸ್ತಕಗಳಿವೆ. ಗುರಾಲ್ನಿಕ್ ಮೊದಲ ಸಂಪುಟದಲ್ಲಿ 1954ರ ಜುಲೈ 5ರ ರಾತ್ರಿ ಮೆಂಫಿಸ್‌ನ ಸನ್ ಸ್ಟುಡಿಯೊದಲ್ಲಿ ನಡೆದದ್ದನ್ನು ವರ್ಣಿಸುವ ಭಾಗವನ್ನು ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ನಿಧಾನಗತಿಯ ಹಾಡುಗಳು ಕೈಗೂಡದೆ ಎಲ್ಲರೂ ದಣಿದು ಕುಳಿತಿದ್ದಾಗ, ಎಲ್ವಿಸ್ ಆರ್ಥರ್ ಕ್ರೂಡಪ್ ಅವರ ಹಳೆಯ ಬ್ಲೂಸ್ ಹಾಡೊಂದನ್ನು ಹುಡುಗಾಟಕ್ಕೆಂಬಂತೆ ಎತ್ತಿಕೊಂಡರು, ಸ್ಕಾಟಿ ಮೂರ್ ಗಿಟಾರಿನಲ್ಲೂ ಬಿಲ್ ಬ್ಲ್ಯಾಕ್ ಬೇಸಿನಲ್ಲೂ ಜೊತೆಗೂಡಿದರು, ಸ್ಟುಡಿಯೊದ ಒಡೆಯ ಸ್ಯಾಮ್ ಫಿಲಿಪ್ಸ್ ಒಳಗಿನಿಂದ ತಲೆ ಹಾಕಿ ಮೊದಲಿನಿಂದ ಶುರುಮಾಡಿ ಎಂದರು. ಯಾವ ವಾದ್ಯ ಎಲ್ಲಿ ಸೇರಿತು, ಡ್ರಮ್ಸ್ ಇಲ್ಲದೆಯೂ ಲಯ ಹೇಗೆ ನಿಂತಿತು ಎಂಬುದನ್ನು ಆ ಪುಟಗಳನ್ನು ಓದಿ, ಧ್ವನಿಮುದ್ರಣವನ್ನು ಹಾಕಿ, ಸಾಲುಸಾಲಾಗಿ ಕೇಳಿ ಪರೀಕ್ಷಿಸಬಹುದು. ವಿಮರ್ಶೆಗೆ ಬಂದ ಪ್ರತಿ ಪುಸ್ತಕದಲ್ಲೂ ಒಂದು ಧ್ವನಿಮುದ್ರಣದ ವರ್ಣನೆಯನ್ನು ಹುಡುಕಿ ಹೀಗೆಯೇ ಕೇಳಿ ನೋಡುತ್ತೇನೆ. ಬರೆದದ್ದು ಕಿವಿಗೆ ಸಿಗದಿದ್ದರೆ ವಿಮರ್ಶೆಯಲ್ಲಿ ಅದನ್ನು ನೇರವಾಗಿಯೇ ಬರೆಯುತ್ತೇನೆ.