ಓನರ್ ವೈಫೈ ಬಳಸ್ತೀರಾ? ಏನು ಕಾಣುತ್ತೆ, ಏನು ಕಾಣಲ್ಲ

ರಾಯಚೂರಲ್ಲಿ ಮೇಲಿನ ಮನೆ ಬಾಡಿಗೆಗೆ ಹಿಡಿದು ಕೆಳಗಿನ ಓನರ್ ವೈಫೈಯನ್ನೇ ಬಳಸುವವರು ಈ ಗ್ರೂಪಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ವಾಟ್ಸಾಪ್ ಮೆಸೇಜು, ಬ್ಯಾಂಕ್ ಪಾಸ್‌ವರ್ಡು, ಯೂಟ್ಯೂಬಲ್ಲಿ ಯಾವ ವಿಡಿಯೊ ನೋಡಿದಿರಿ ಅನ್ನುವುದು ಅವರಿಗೆ ಕಾಣುವುದಿಲ್ಲ, ಅವೆಲ್ಲ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ನಡುವೆ ಇರುವವರು ಓದಲಾಗದ ಗುಟ್ಟಿನ ರೂಪದಲ್ಲೇ ಹೋಗುತ್ತವೆ. ಆದರೆ ಯಾವ ಸೈಟಿಗೆ, ಎಷ್ಟು ಹೊತ್ತಿಗೆ ಹೋದಿರಿ ಅನ್ನುವುದು ಕೆಲವು ರೌಟರ್‌ಗಳ (ವೈಫೈ ಕೊಡುವ ಪೆಟ್ಟಿಗೆ) ಲಾಗ್‌ನಲ್ಲಿ, ಅಂದರೆ ದಾಖಲೆಪಟ್ಟಿಯಲ್ಲಿ ಉಳಿಯುತ್ತದೆ, ರೌಟರ್ ಸೆಟ್ಟಿಂಗ್ಸ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಇದ್ದವರು ನೋಡಬಹುದು. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಮೋಡ್ ಹಾಕಿದರೆ ಸಾಕು ಅಂತ ಸುಮ್ನೆ ನಂಬಬೇಡಿ. ಅದು ನಿಮ್ಮ ಫೋನಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ.

ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ (Private DNS) ಹುಡುಕಿ, ಹೋಸ್ಟ್‌ನೇಮ್ ಜಾಗದಲ್ಲಿ dns.google ಅಂತ ಹಾಕಿ. ಸೈಟಿನ ಹೆಸರು ಕೊಟ್ಟು ಅದರ ವಿಳಾಸ ಕೇಳುವ ಕೆಲಸವೇ ಡಿಎನ್‌ಎಸ್, ಹೀಗೆ ಮಾಡಿದರೆ ಆ ಕೇಳಿಕೆಯೂ ಎನ್‌ಕ್ರಿಪ್ಟ್ ಆಗುತ್ತದೆ. ಇದು ಅರ್ಧ ಬಾಗಿಲು ಮುಚ್ಚಿದ ಹಾಗೆ, ಪೂರ್ತಿ ಬೇಕಾದರೆ ವಿಪಿಎನ್, ಅಂದರೆ ನಿಮ್ಮ ಇಂಟರ್ನೆಟ್ ಬಳಕೆಯನ್ನೆಲ್ಲ ಎನ್‌ಕ್ರಿಪ್ಟ್ ಮಾಡಿ ಬೇರೆ ಕಂಪನಿಯ ಸರ್ವರ್ ಮೂಲಕ ಕಳಿಸುವ ಆ್ಯಪ್. ಪುಕ್ಕಟೆ ಸಿಗುವ ವಿಪಿಎನ್ ಮಾತ್ರ ಬೇಡ ಮಾರಾಯ್ರೆ, ಓನರ್ ಬದಲು ಗೊತ್ತಿಲ್ಲದ ಯಾವುದೋ ಕಂಪನಿಯ ಕೈಗೆ ಎಲ್ಲ ಕೊಟ್ಟ ಹಾಗಾಗುತ್ತದೆ, ಅಲ್ವಾ? ಅದರ ಬದಲು ಓನರ್‌ಗೆ ಕಾಣಬಾರದು ಅನ್ನಿಸಿದ ಹೊತ್ತಿಗೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಆನ್ ಮಾಡಿಕೊಳ್ಳಿ.

ವೈಫೈ ಕೊಟ್ಟಿರುವ ಓನರ್‌ಗಳೇ, ರೌಟರ್ ಅಡಿಯ ಸ್ಟಿಕ್ಕರ್‌ನಲ್ಲಿರುವ ಅಡ್ಮಿನ್ ಪಾಸ್‌ವರ್ಡನ್ನು ಮೊದಲು ಬದಲಿಸಿ. ಅದೇ ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ (ಹೊರಗಿನವರಿಗಾಗಿ ಇರುವ ಪ್ರತ್ಯೇಕ ವೈಫೈ) ಇದ್ದರೆ ಬಾಡಿಗೆಯವರಿಗೆ ಅದನ್ನೇ ಕೊಡಿ.