ಆಕ್ಸ್‌ಫರ್ಡ್‌ಗೆ ಅರ್ಜಿ ಹಾಕುವ ಮುನ್ನ: ಕಾಲೇಜು ಯಾವುದು, ಯೂನಿವರ್ಸಿಟಿ ಯಾವುದು?

ಧಾರವಾಡದಲ್ಲಿ ಡಿಗ್ರಿ ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಆಕ್ಸ್‌ಫರ್ಡ್ ಕನಸು ಇರುವವರು ಮೊದಲು ಕೇಳುವುದು ಒಂದೇ: ‘ಸರ್, ಅಲ್ಲಿ ನಂಬರ್ ಒನ್ ಕಾಲೇಜು ಯಾವುದ್ರೀ?’ ಆ ಪ್ರಶ್ನೆಯನ್ನು ಸದ್ಯ ಪಕ್ಕಕ್ಕಿಡಿ. ಅಲ್ಲಿನ ಕಾಲೇಜುಗಳು ಹೇಗೆ ಹುಟ್ಟಿದವು ಅಂತ ಮೊದಲು ತಿಳಿದುಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಆಕ್ಸ್‌ಫರ್ಡನ್ನು ಯಾರೋ ಒಂದು ದಿನ ಸ್ಥಾಪಿಸಿದ್ದಲ್ಲ. 1096ರ ಹೊತ್ತಿಗೇ ಅಲ್ಲಿ ಪಾಠ ನಡೆಯುತ್ತಿತ್ತು. 1167ರಲ್ಲಿ ದೊರೆ ಎರಡನೇ ಹೆನ್ರಿ, ಇಂಗ್ಲೆಂಡಿನವರು ಓದಲು ಪ್ಯಾರಿಸ್‌ಗೆ ಹೋಗಬಾರದು ಅಂದ ಮೇಲೆ ಊರು ತುಂಬಿತು. ಹುಡುಗರು ಊರವರ ಮನೆಗಳಲ್ಲಿ ಬಾಡಿಗೆಗೆ ಇದ್ದರು. ಬಾಡಿಗೆ, ದಿನಸಿ, ಹೆಂಡ, ಎಲ್ಲಕ್ಕೂ ಜಗಳ. 1209ರಲ್ಲಿ ಒಬ್ಬ ಹೆಂಗಸಿನ ಸಾವಿನ ಹೆಸರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಗಲ್ಲಿಗೇರಿಸಿದರು. ಹೆದರಿ ಊರು ಬಿಟ್ಟವರಲ್ಲಿ ಕೆಲವರು ಕೇಂಬ್ರಿಜ್ ಸೇರಿದರು. ಅಲ್ಲಿನ ಯೂನಿವರ್ಸಿಟಿ ಶುರುವಾಗಿದ್ದು ಹಾಗೆ. 1355ರ ಫೆಬ್ರುವರಿಯಲ್ಲಂತೂ ಹೆಂಡದಂಗಡಿಯೊಂದರಲ್ಲಿ ವೈನ್ ಚೆನ್ನಾಗಿಲ್ಲ ಅಂತ ಶುರುವಾದ ಜಗಳ ದೊಡ್ಡ ಗಲಭೆಯಾಗಿ, ವಿದ್ಯಾರ್ಥಿಗಳ ಕಡೆಯಲ್ಲೇ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅದರ ತಪ್ಪುಕಾಣಿಕೆಯನ್ನು ಊರಿನ ಮೇಯರ್ ಯೂನಿವರ್ಸಿಟಿಗೆ 1825ರವರೆಗೂ ವರ್ಷ ವರ್ಷ ಕೊಡಬೇಕಾಗಿತ್ತು!

ಇಂಥ ಊರಲ್ಲಿ ಓದುವವರಿಗೆ ಒಂದು ಸೂರು ಬೇಕು, ಊಟ ಬೇಕು, ಹೊಟ್ಟೆಪಾಡಿಗೆ ಆದಾಯ ಬೇಕು. 1264ರಲ್ಲಿ ವಾಲ್ಟರ್ ಡಿ ಮರ್ಟನ್ ತನ್ನ ಜಮೀನು ಬಿಟ್ಟುಕೊಟ್ಟು, ನಿಯಮ ಬರೆದು ಮರ್ಟನ್ ಕಾಲೇಜು ಮಾಡಿದ. ಉಳಿದವರಿಗೆ ಅದೇ ಮಾದರಿಯಾಯಿತು. ಸ್ವಂತ ಆಸ್ತಿ, ಸ್ವಂತ ನಿಯಮ, ತಮ್ಮ ಮುಖ್ಯಸ್ಥರನ್ನು ತಾವೇ ಆರಿಸುವ ಹಕ್ಕು. ಇವತ್ತಿಗೂ ಹೆಚ್ಚಿನ ಕಾಲೇಜುಗಳು ಹಾಗೇ ಇವೆ. ಅದಕ್ಕೇ ನಮ್ಮ ಅಫಿಲಿಯೇಟೆಡ್ ಕಾಲೇಜುಗಳ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಕೆಲಸ ಹಂಚಿಕೊಂಡಿರುವುದು ಹೀಗೆ. ಸಿಲಬಸ್, ಲೆಕ್ಚರ್, ಲ್ಯಾಬ್, ಪರೀಕ್ಷೆ, ಪದವಿ ಯೂನಿವರ್ಸಿಟಿಯವು. ಬಾಡ್ಲಿಯನ್ ಗ್ರಂಥಾಲಯವೂ ಅದರದ್ದೇ. ರೂಮು, ಊಟ, ಡಿಗ್ರಿ ಪ್ರವೇಶ, ಟ್ಯುಟೋರಿಯಲ್ ಕಾಲೇಜಿನವು. ಟ್ಯುಟೋರಿಯಲ್ ಅಂದರೆ ಒಬ್ಬ ಟ್ಯೂಟರ್ ಎದುರು ಇಬ್ಬರೋ ಮೂವರೋ ಕೂತು, ತಾವು ಬರೆದು ತಂದದ್ದನ್ನು ಸಮರ್ಥಿಸಿಕೊಳ್ಳುವುದು. ಅಲ್ಲಿ ಸುಮ್ನೆ ಕೂರೋಕೆ ಆಗಲ್ಲ. ನನಗೆ ಅಲ್ಲಿನ ಹಳೆಯ ಕಟ್ಟಡಗಳಿಗಿಂತ ಜಾಸ್ತಿ ಬೆಲೆಯದ್ದು ಇದೇ.

ಚಾನ್ಸೆಲರ್ ಹುದ್ದೆ ಗೌರವದ್ದು. ಆಡಳಿತ ನಡೆಸುವವರು ವೈಸ್ ಚಾನ್ಸೆಲರ್. ಕೊನೆಯ ಮಾತು ಮಾತ್ರ ಅಧ್ಯಾಪಕರು, ಸಿಬ್ಬಂದಿ ಸೇರಿದ ‘ಕಾಂಗ್ರಿಗೇಶನ್’ ಸಭೆಯದು.

ಈಗ ಅರ್ಜಿ. ಮೊದಲು ಕೋರ್ಸ್ ಆರಿಸಿ, ಕಾಲೇಜು ಆಮೇಲೆ. ಎಲ್ಲ ಕಾಲೇಜಿನಲ್ಲೂ ಎಲ್ಲ ವಿಷಯ ಇರುವುದಿಲ್ಲ. ನಫೀಲ್ಡ್, ಸೇಂಟ್ ಆಂಟನೀಸ್ ಥರದವು ಪದವಿ ಮುಗಿಸಿದವರಿಗೆ ಮಾತ್ರ. ಆಲ್ ಸೋಲ್ಸ್‌ನಲ್ಲಂತೂ ಡಿಗ್ರಿ ವಿದ್ಯಾರ್ಥಿಗಳೇ ಇಲ್ಲ.

ಡಿಗ್ರಿ ಓದಲು ಹೋಗುವವರು ಯುಕಾಸ್ (ಬ್ರಿಟನ್ನಿನ ಯೂನಿವರ್ಸಿಟಿಗಳ ಡಿಗ್ರಿ ಅರ್ಜಿಗಳನ್ನು ತೆಗೆದುಕೊಳ್ಳುವ ಸಂಸ್ಥೆ, UCAS) ಮೂಲಕ ಅಕ್ಟೋಬರ್ 15ರೊಳಗೆ ಅರ್ಜಿ ಹಾಕಬೇಕು. ಡಿಗ್ರಿಗೆ ಒಂದೇ ವರ್ಷ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಹಾಕುವಂತಿಲ್ಲ, ಮನಸ್ಸು ಮೊದಲೇ ಗಟ್ಟಿ ಮಾಡಿಕೊಳ್ಳಿ. ಕಾಲೇಜು ಆರಿಸಲು ತೋಚದಿದ್ದರೆ ‘ಓಪನ್ ಅಪ್ಲಿಕೇಶನ್’ ಹಾಕಿ, ಅವರೇ ಒಂದಕ್ಕೆ ಸೇರಿಸುತ್ತಾರೆ. ನೀವು ಬರೆದ ಕಾಲೇಜು ಬಿಟ್ಟು ಬೇರೆ ಕಾಲೇಜಿನಿಂದ ಸೀಟು ಬಂದರೆ ಬೇಜಾರಾಗಬೇಡಿ. ಪರೀಕ್ಷೆ ಅದೇ, ಪದವಿ ಅದೇ. ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ಸ್ಕಾಲರ್‌ಶಿಪ್ ಮೇಲೆ ಹೋಗಿ ಇದ್ದದ್ದು ಮಾಡ್ಲಿನ್ ಕಾಲೇಜಿನಲ್ಲಿ, ಪದವಿ ಕೊಟ್ಟದ್ದು ಯೂನಿವರ್ಸಿಟಿ.

ಎಂ.ಎ., ಪಿಎಚ್‌.ಡಿ.ಗೆ ದಾರಿ ಬೇರೆ. ಅರ್ಜಿ ನೇರ ಯೂನಿವರ್ಸಿಟಿಗೆ. ಮೊದಲು ವಿಭಾಗ ಒಪ್ಪಬೇಕು. ಅದು ಒಪ್ಪಿದರೆ ಯಾವುದಾದರೊಂದು ಕಾಲೇಜು ಸಿಕ್ಕೇ ಸಿಗುತ್ತದೆ. ಹಾಗಾಗಿ ನಿಮ್ಮ ಶ್ರಮವೆಲ್ಲ ನಿಮ್ಮ ವಿಷಯದ ಪ್ರಾಧ್ಯಾಪಕರನ್ನು ಹುಡುಕಿ ಓದುವುದರಲ್ಲಿ ಹೋಗಲಿ.

ಕಾಲೇಜನ್ನು ನೀವೇ ಆರಿಸುವುದಾದರೆ ರ‍್ಯಾಂಕಿಂಗ್ ನೋಡಬೇಡಿ. ಎಷ್ಟು ವರ್ಷ ರೂಮು ಕೊಡುತ್ತಾರೆ, ಬಾಡಿಗೆ ಎಷ್ಟು, ಸ್ಕಾಲರ್‌ಶಿಪ್ ಇದೆಯಾ ನೋಡಿ. ಅಲ್ಲಿ ಎಂಟೆಂಟು ವಾರದ ಮೂರು ಟರ್ಮ್. ಡಿಗ್ರಿ ಮಕ್ಕಳು ರಜೆಯಲ್ಲಿ ರೂಮು ಖಾಲಿ ಮಾಡಬೇಕು ಅನ್ನುವ ಕಾಲೇಜುಗಳಿವೆ. ಪ್ರತಿ ರಜೆಗೂ ಊರಿಗೆ ಬರೋಕಾಗಲ್ಲ ಅಲ್ವಾ? ಆಗ ಎಲ್ಲಿ ಇರಬೇಕು, ಸಾಮಾನು ಎಲ್ಲಿ ಇಡಬೇಕು ಅಂತ ಕಾಲೇಜಿಗೇ ಇಮೇಲ್ ಬರೆದು ಕೇಳಿ.