ಡಿಸೈನರ್ ಬಿಟ್ಟುಹೋದ ಪೆಟ್ಟಿಗೆ: ಆರ್ಕೈವ್ ಇಂಟರ್ನ್‌ಗಳಿಗೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1978ರಲ್ಲಿ ಕಲೆ ಮತ್ತು ವಿನ್ಯಾಸಕ್ಕೆಂದೇ ಒಂದು ಆರ್ಕೈವ್ ತೆರೆಯಿತು. ಗೋಡೆಗೆ ತೂಗುಹಾಕುವ ಚಿತ್ರಗಳಿಗಿಂತ ಹೆಚ್ಚಾಗಿ ಅಲ್ಲಿರುವುದು ಬ್ರಿಟನ್ನಿನ ಡಿಸೈನರುಗಳ, ಕಲಾವಿದರ, ಕಂಪನಿಗಳ ಪತ್ರ, ಕಚ್ಚಾ ನಕ್ಷೆ, ಲೆಕ್ಕದ ಪುಸ್ತಕಗಳು. ಇಂಥ ಕಡೆ ಇಂಟರ್ನ್ ಆಗಿ ಸೇರಿದರೆ ಇನ್ನೂ ಪಟ್ಟಿಯಾಗದ ಪೆಟ್ಟಿಗೆಯೊಂದು ನಿಮ್ಮ ಪಾಲಿಗೆ ಬರಬಹುದು.

ನೋಡಿದ ಕೂಡಲೇ ಓರಣ ಮಾಡಲು ಕೈ ತುರಿಸುತ್ತದೆ. ಮಾಡಬೇಡಿ. ಬಿಲ್ಲಿನ ಕೆಳಗೆ ಬಟ್ಟೆಯ ಚೂರು, ಅದರ ಕೆಳಗೆ ಗಿರಾಕಿಯ ಪತ್ರ ಇದ್ದರೆ, ಮೂರೂ ಒಂದೇ ಕೆಲಸದ್ದೆಂದು ಹೇಳಲು ಆ ಸಾಲೊಂದೇ ಸಾಕ್ಷಿ ಇರಬಹುದು. ಪತ್ರವೆಲ್ಲ ಇತ್ತ, ಬಟ್ಟೆಯೆಲ್ಲ ಅತ್ತ ಎಂದು ವಿಂಗಡಿಸಿದಿರೋ, ನಂಟು ಹೋಯಿತು. ಮೊದಲು ಇದ್ದದ್ದು ಇದ್ದ ಹಾಗೆ ಪಟ್ಟಿ ಮಾಡಿ. ಸಂರಕ್ಷಣೆಗಾಗಿ ಏನನ್ನಾದರೂ ತೆಗೆಯಲೇಬೇಕಾದರೆ, ಅದರ ಜಾಗದಲ್ಲಿ ಎಲ್ಲಿಗೆ ಹೋಯಿತೆಂಬ ಚೀಟಿ ಇಡಿ.

ಮೇಜಿನ ಮೇಲೆ ಪೆನ್ ಬೇಡ, ಪೆನ್ಸಿಲ್ ಮಾತ್ರ. ಕಾಗದಕ್ಕೆ ತೊಳೆದು ಒಣಗಿಸಿದ ಬರಿಗೈ ಸಾಕು. ಹತ್ತಿಯ ಗ್ಲೌಸ್ ಹಾಕಿದರೆ ಬೆರಳಿಗೆ ಅಂಚು ತಿಳಿಯದೆ ಹರಿಯುತ್ತದೆ. ಫೋಟೋ, ನೆಗೆಟಿವ್‌ಗಳಿಗೆ ನೈಟ್ರೈಲ್ (ತೆಳು ಕೃತಕ ರಬ್ಬರ್) ಗ್ಲೌಸ್ ಬೇಕು. ತುಕ್ಕು ಹಿಡಿದ ಕ್ಲಿಪ್ ಎಳೆಯಬೇಡಿ: ಎರಡೂ ಬದಿ ತೆಳು ಪಾಲಿಯೆಸ್ಟರ್ ಪಟ್ಟಿ ತೂರಿಸಿ, ಕ್ಲಿಪ್ಪಿನ ಬಾಯಿ ಸ್ವಲ್ಪ ಅಗಲಿಸಿ, ಆಮೇಲೆ ಜಾರಿಸಿ. ಸೆಲ್ಲೋಟೇಪ್ ಮುಟ್ಟಲೇಬೇಡಿ, ಅದು ಕನ್ಸರ್ವೇಟರ್, ಅಂದರೆ ಸಂರಕ್ಷಣಾ ತಜ್ಞರ ಕೆಲಸ.

ಎಡವುವುದು ನಕ್ಷೆಗಳಲ್ಲಿ. ನೀಲಿ ಹಾಳೆಯ ಮೇಲೆ ಬಿಳಿ ಗೆರೆ ಇದ್ದರೆ ಸಾಮಾನ್ಯವಾಗಿ ಅದು ಬ್ಲೂಪ್ರಿಂಟ್. ಅದಕ್ಕೆ ಕ್ಷಾರ ಆಗದು. ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ 'ಒಳ್ಳೆಯ' ಫೋಲ್ಡರಿನಲ್ಲೇ ಬಣ್ಣ ಮಾಸುತ್ತದೆ, ಹಾಗಾಗಿ ಬಫರ್, ಅಂದರೆ ಆ ಕ್ಷಾರದ ಬೆರಕೆ, ಇಲ್ಲದ್ದನ್ನು ಕೇಳಿ. ಬಿಳಿ ಹಾಳೆಯ ಮೇಲೆ ನೀಲಿ ಗೆರೆ ಇದ್ದರೆ ಡಯಾಜೊ ಎಂಬ ಇನ್ನೊಂದು ಬಗೆಯ ನಕಲು ಇರಬಹುದು. ಅದರ ರಾಸಾಯನಿಕ ಪಕ್ಕದ ಹಾಳೆಗೂ ಕಲೆ ಹತ್ತಿಸುವುದರಿಂದ ಬೇರೆ ಫೋಲ್ಡರ್. ಸುರುಳಿಯಾದ ಹಳೆಯ ಟ್ರೇಸಿಂಗ್ ಪೇಪರನ್ನು ಬಲವಂತವಾಗಿ ಬಿಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಫಿಲ್ಮ್ ಡಬ್ಬಿಯಿಂದ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ ಕೊಳೆಯುತ್ತಿದೆ. ಅದು ಪಕ್ಕದ ಫಿಲ್ಮಿಗೂ ಹಬ್ಬೀತು, ಆಗಲೇ ಬೇರ್ಪಡಿಸಿ ಮೇಲ್ವಿಚಾರಕರಿಗೆ ತಿಳಿಸಿ.

ವಿವರಣೆಯಲ್ಲಿ 'ಸುಂದರ ವಿನ್ಯಾಸ' ಎಂದು ಬರೆದರೆ ಹುಡುಕುವವರಿಗೆ ಏನೂ ಸಿಗದು. 'ಪರದೆ ಬಟ್ಟೆಯ ವಿನ್ಯಾಸ, ಪೆನ್ಸಿಲ್ ಮತ್ತು ಜಲವರ್ಣ, 6 ಹಾಳೆ, [ಸುಮಾರು 1955]' ಎಂದಿರಲಿ. ವರ್ಷ ಹಾಳೆಯ ಮೇಲಿಲ್ಲ, ನಿಮ್ಮ ಊಹೆ ಎಂಬುದಕ್ಕೆ ಆ ಚೌಕ ಆವರಣ.

ಬದುಕಿರುವವರ ಕಾಯಿಲೆ, ಸಂಬಳದ ಮಾತಿರುವ ಪತ್ರ ಸಿಕ್ಕರೆ ಗುರುತು ಹಾಕಿ ಮೇಲ್ವಿಚಾರಕರಿಗೆ ಕೊಡಿ. ಮೊಬೈಲಿನಲ್ಲಿ ಫೋಟೋ ತೆಗೆಯಬೇಡಿ.